ದೊಡ್ಡ ಖಾಜಿಯವರ ಸೊಂಟದ ತಲವಾರ

ಚಿಕ್ಕೋಡಿ
೧೮ ನವೆಂಬರ್ ೨೦೨೪, ಸೋಮವಾರ

ಅಕ್ಕಾಗ ತಮ್ಮ ಮಾಯಪ್ಪನ ಜಯಭೀಮ.

ಫೋನ್ ಮಾಡೂದು ಬಿಟ್ಟು ಪತ್ರ ಯಾಕ ಬರದಾನ ಅಂತ ಬೈಬ್ಯಾಡ. ನಿಮ್ಮ ಮನಿ ಫೋನು ಯಾವಾಗ ನೋಡಿದ್ರೂ ನಿನ್ನ ಮಗ ಸುರಜನ ಕಿಸೆದಾಗ ಇರ್ತೈತಿ. ಅವನ ಮಾತು ಅವನ ಫೋನಿನಾಗ ಹೆಂಗ ಆಡ್ಲಿ? ಅದಕ್ಕ ಭರತನ ಹಾಲಿನ ಗಾಡ್ಯಾಗ ಕೊಟ್ಟ ಕಳಸೇನಿ. ಅಂವ ದಿನಾ ಮುಂಜಾನೆ ಕಾಗವಾಡದಿಂದ ಬಂದ ಹೋಗ್ತಾನ, ಮಂದಿ ಪತ್ರ ಓದೂ ಮನಶ್ಯಾ ಅಲ್ಲ. ಆದ್ರೂ ಲಕೋಟಿ ಹರದಂಗ ಕಂಡ್ರ ತಿಳಸು.

ಸಂಗತಿ ಹಿಂಗೈತಿ. ರಾಯಬಾಗದ ಖಾಜಿ ಮಕ್ತುಮಸಾಹೇಬರು ಒಂದು ಚಿತ್ರ ರಿಪೇರಿಗೆ ಕೊಟ್ಟಾರ. ಖಾಜಿ ಅಂದ್ರ ನಿಂಗೊತ್ತಲ್ಲ, ಅವರ ಮಂದ್ಯಾಗ ಲಗ್ನ ಬರೀಸಾವ್ರು, ಜಗಳ ಬಗೀಹರಸಾವ್ರು. ಚಿತ್ರದಾಗ ಇರಾವ್ರು ಇವರ ಮುತ್ತ್ಯಾನ ಅಪ್ಪ, ಕೊಲ್ಲಾಪುರದ ರಾಜರ ಕಾಲಕ್ಕ ಇಡೀ ರಾಯಬಾಗ ಸೀಮಿಗೆ ದೊಡ್ಡ ಖಾಜಿ. ಅರಮನಿ ಪೇಂಟರ್ ಎದುರಿಗೆ ಕುಂಡ್ರಿಸಿಕೊಂಡು ಬರದದ್ದಂತ. ಎಣ್ಣಿ ಬಣ್ಣ, ನನ್ನ ಎದಿಮಟ ಬರ್ತೈತಿ. ಏನ್ ಮಾರಿ ಅಕ್ಕಾ! ಆ ಕಣ್ಣ ನೋಡಿದ್ರ ನಾ ಸಣ್ಣಾವಿದ್ದಾಗ ಕದ್ದ ಪೇರಲ ಹಣ್ಣೆಲ್ಲಾ ನೆನಪಾಗ್ತಾವ.

ಅವರ ಮಂದಿ ಮನ್ಯಾಗ ಮನಶ್ಯಾರ ಚಿತ್ರ ಇಡೂದಿಲ್ಲ. ಇದೊಂದನ್ನ ಇಟ್ಟಾರ, ಅದೂ ಬಿಳೀ ಪರದೆ ಹಾಕಿ. ಯಾರರ ಜಗಳಾ ತಗೊಂಡು ಬಂದಾಗ ಅಷ್ಟ ಪರದೆ ಸರಸ್ತಾರಂತ. ಎರಡೂ ಕಡ್ಯಾವ್ರು ಆ ಮಾರಿ ಮುಂದ ನಿಂತು ಮಾತಾಡಬೇಕು. ಹಿಂದೂ ಮಂದೀನೂ ಬರ್ತಾರಂತ. "ಮಾಯಪ್ಪಾ, ನಿನ್ನ ಅಂಗಡ್ಯಾಗೂ ಪರದೆ ಬಿಟ್ಟ ಇಡಪಾ" ಅಂತ ಹೇಳಿ ಹೋಗ್ಯಾರ.

ಕೆಳಗಿನ ಭಾಗ ಗೆದ್ದಲಾ ತಿಂದಾವ. ಸೊಂಟದಿಂದ ಕೆಳಗ ಏನೂ ಉಳದಿಲ್ಲ, ಒಂದು ಕೆಂಪ ದಾರ ಅಷ್ಟ ಇಳಿಬಿದ್ದಿದ್ದು ಕಾಣತೈತಿ. ನಾ ಎರಡ ದಿನ ವಿಚಾರ ಮಾಡಿದೆ. ನಾ ಬರದ ರಾಜರಿಗೆ ಲೆಕ್ಕಿಲ್ಲ, ಟ್ರಾಲಿ ಹಿಂದ, ಪೈಲವಾನರ ತಾಲೀಮಿನ ಗ್ವಾಡಿ ಮ್ಯಾಲ, ಜಯಂತಿ ಬೋರ್ಡಿನಾಗ. ದೊಡ್ಡ ಮನಶ್ಯಾನ ಸೊಂಟದಾಗ ಕೆಂಪ ದಾರ ಐತಿ ಅಂದ್ರ ಅದು ತಲವಾರದ್ದ. ಬರದೆ. ಹಿಡಿಕಿಗೆ ಬಂಗಾರದ ಬಣ್ಣ ಕೊಟ್ಟೆ. ಪಗಡಿ ಸಪ್ಪಗ ಕಂಡ್ತು, ಅದಕ್ಕೊಂದು ತುರಾಯಿ ಇಟ್ಟೆ. ಈಗ ಅಂಜಿಕಿ ಹತ್ತೇತಿ. ಕೇಳಿ ಬರೀಬೇಕಿತ್ತೇನೋ. ಕೇಳಿದ್ರ 'ಇವಂಗ ಬರೂದಿಲ್ಲ' ಅಂದಾರು ಅಂತ ಕೇಳಲಿಲ್ಲ. ಶನಿವಾರ ಒಯ್ಯಾಕ ಬರ್ತಾರ.

ಇನ್ನ ಸುರಜನ ಮಾತು. ನಿನ್ನಿ ಅಂವ ತಾ ದುಡಿಯೂ ಮಾಲಕರ ಮಗ ವಿಶಾಲನ್ನ ಕರ್ಕೊಂಡು ಟ್ರಾಲಿ ಮ್ಯಾಲ ಹೆಸರು ಬರಸಾಕ ಬಂದಿದ್ದ. ನಾ ಚಾ ತರಾಕ ಹೋದಾಗ ಪರದೆ ಸರಸ್ಯಾರ. ನಾ ಬರೂದ್ರಾಗ ಇಬ್ಬರೂ ಚಿತ್ರದ ಮುಂದ ನಿಂತು ಫೋಟೋ ಹೊಡಕೋಳಾಕತ್ತಿದ್ರು. "ಮಾಮಾ, ಇಂವ ಯಾವ ಬಾದಶಹಾ? ದಿಲ್ಲೀದಾವೇನು?" ಅಂತ ವಿಶಾಲ ಕೇಳಿದ. ಬಾದಶಹಾ ಅಲ್ಲಪಾ, ಖಾಜಿ ಅಂದೆ. "ಖಾಜಿಗೆ ತಲವಾರ ಯಾಕೋ?" ಅಂದು ನಕ್ಕ. ನಾನೂ ನಕ್ಕೆ. ಅಕ್ಕಾ, ಆ ಫೋಟೋ ಎಲ್ಲೂ ಹಾಕಬ್ಯಾಡ ಅಂತ ಸುರಜಗ ಹೇಳು. ನನ್ನ ಮಾತು ಕೇಳೂದಿಲ್ಲ, ನಿಂದು ಕೇಳ್ತಾನ. ಹೊತ್ತು ಮಾಡಬ್ಯಾಡ.

ನಿನ್ನ ತಮ್ಮ
ಮಾಯಪ್ಪ


ಕಾಗವಾಡ
೨೦ ನವೆಂಬರ್ ೨೦೨೪

ಮಾಯಪ್ಪಾ,

ಪತ್ರ ಮುಟ್ಟಿತು. ಲಕೋಟಿ ಹರದಿದ್ದಿಲ್ಲ, ಹಾಲಿನ ವಾಸನಿ ಬಡೀತಿತ್ತು ಅಷ್ಟ.

ನೀ ಮೊದಲಿಂದ ಹಿಂಗ. ಸಾಲ್ಯಾಗ ಮಾಸ್ತರ ಹೊಡೀತಾರ ಅಂತ ಮುಂಜಾನೆ ಎದ್ದಕೂಡಲೆ ಅಳಾವ, ಆಮ್ಯಾಲ ಮಾರಿ ತೊಳ್ಕೊಳ್ಳಾವ. ಹಂಗ ಅತ್ತೂ ಅತ್ತೂ ಆರನೇತ್ತಾಕ್ಕ ಸಾಲಿ ಬಿಟ್ಟಿ. ನಾ ನಾಕನೇತ್ತಾ ಓದೇನಿ, ಆದ್ರ ನಿನ್ನಂಗ ಅಂಜೂದಿಲ್ಲ. ಒಂದ ಫೋಟೋ ಹೊಡದ್ರ ನಿನ್ನ ಖಾಜಿ ಏನ್ ಸವೀತಾನು? ತಲವಾರ ಇಟ್ಟದ್ದ ಛಲೋ ಆತು. ದೊಡ್ಡ ಮನಶ್ಯಾ ಬರಿಗೈಲೆ ನಿಂತ್ರ ದೊಡ್ಡಾವ ಅಂತ ಯಾರಿಗೆ ತಿಳೀಬೇಕು?

ಸುರಜ ಮನ್ಯಾಗ ಇರೂದ ಕಡಿಮಿ ಈಗ. ವಿಶಾಲನ ಟ್ರ್ಯಾಕ್ಟರ್ ಮ್ಯಾಲ ಅಥಣಿ ಕಡೆ ಕಬ್ಬು ಹೇರಾಕ ಹೋಗ್ತಾನ. ನಿಂಗೊಂದು ಮಾತ ಹೇಳಲೇನು? ನಮ್ಮಪ್ಪ ಭೀಮಗೊಂಡರ ದ್ರಾಕ್ಷಿ ತ್ವಾಟದಾಗ ದುಡಿವಾಗ ಅವನ ಚಾದ ಕಪ್ಪು ಗ್ವಾಡಿ ಹೊರಗ ಬ್ಯಾರೆ ಇಡ್ತಿದ್ರು. ನೆನಪೈತಲ್ಲ? ನೊಣ ಕುಂತಿರ್ತಿದ್ವು, ಅಪ್ಪ ಊದಿ ಕುಡೀತಿದ್ದ. ಈಗ ಅದ ಭೀಮಗೊಂಡರ ಮಗ ವಿಶಾಲ ನನ್ನ ಮಗನ ಬಾಜೂಕ ಕುಂತು ಒಂದ ತಾಟಿನಾಗ ಉಣತಾನ. "ಸುರಜ್ಯಾ ನನ್ನ ಬಲಗೈ" ಅಂತಾನ ನಾಕ ಮಂದಿ ಮುಂದ. ನಾ ಕಣ್ಣಿಲೆ ನೋಡೇನಿ. ಇಂಥಾದ್ರಾಗ ಹೋಗಿ 'ಗೌಡರ ಮಗನ ಜೋಡಿ ಹೊಡಕೊಂಡ ಫೋಟೋ ಅಳಸು' ಅಂತ ಹೆಂಗ ಅನ್ಲಿ? ಹೊತ್ತು ನೋಡಿ ಹೇಳ್ತೀನಿ.

ಸಣ್ಣಾಕಿ ನೀಲಮ ಕಾಲೇಜಿಗೆ ಹೋಗ್ಯಾಳ. ನೀ ಹೊತ್ತಿಗೆ ಸರಿಯಾಗಿ ಉಣ್ಣು.

ಸಕ್ಕುಬಾಯಿ


ಕರೋಶಿ
೨೫ ನವೆಂಬರ್ ೨೦೨೪

ಅಕ್ಕಾ,

ಚಿಕ್ಕೋಡ್ಯಾಗ ಇಲ್ಲ ನಾ. ಕರೋಶ್ಯಾಗ ಗೆಳ್ಯಾ ಬಾಳಾಸಾಬನ ತ್ವಾಟದ ಮನ್ಯಾಗ ಅದೇನಿ. ನಿಮಗ ಸುದ್ದಿ ಮುಟ್ಟಿರ್ಬೇಕು. ಮಂದಿ ಹೇಳೂದು ಬ್ಯಾರೆ, ಆದದ್ದು ಬ್ಯಾರೆ. ಅಕ್ಷರ ತಪ್ಪಿದ್ರ ಹಂಗ ಓದ್ಕೊ.

ಶುಕ್ರವಾರ ಆ ಫೋಟೋ ಎಲ್ಲಾರ ಮೊಬೈಲಿಗೆ ಬಂದೈತಿ. 'ಚಿಕ್ಕೋಡ್ಯಾಗ ದಿಲ್ಲಿ ಬಾದಶಹಾನ ಚಿತ್ರ ಬರಸಾಕತ್ತಾರ, ಮೆರವಣಿಗಿ ತಗಿಯಾವ್ರದಾರ' ಅಂತ ಕೆಳಗ ಬರದಿತ್ತಂತ. ನಂಗ ಯಾರೂ ತೋರಿಸಲಿಲ್ಲ. ಶನಿವಾರ ಹನ್ನೊಂದಕ್ಕ ಖಾಜಿಸಾಹೇಬರು ರಾಯಬಾಗದ ಬಸ್ಸಿಗೆ ಬಂದ್ರು. ಒಬ್ರ. ಎಪ್ಪತ್ತನಾಕು ವಯಸ್ಸು. ಕೈಯಾಗ ಒಂದು ಹಳೇ ಚಾದರ, ಚಿತ್ರಕ್ಕ ಸುತ್ತಾಕ. ಪರದೆ ಸರಿಸಿ ಭಾಳ ಹೊತ್ತು ನೋಡಿದ್ರು. "ಮಾರಿ ಛಲೋ ತೊಳದಿ ಮಾಯಪ್ಪಾ" ಅಂದ್ರು. ಆಮ್ಯಾಲ ಸೊಂಟದ ಮ್ಯಾಲ ಬಟ್ಟ ಇಟ್ಟು, "ಇದೇನೋ ಇದು? ನಮ್ಮ ಮುತ್ತ್ಯಾನ ಅಪ್ಪ ಜಲ್ಮದಾಗ ತಲವಾರ ಮುಟ್ಟಿದಾವ್ರಲ್ಲ. ಆ ದಾರಕ್ಕ ಮೊಹರಿನ ಚೀಲ ಇತ್ತು. ನಿಕಾದ ಕಾಗದಕ್ಕ ಒತ್ತೂ ಮೊಹರು" ಅಂದ್ರು. ಸಿಟ್ಟಿಲೆ ಅಲ್ಲ, ನಕ್ಕೋತ ಅಂದ್ರು. "ಅಳಸ್ತೀನ್ರಿ ಸಾಹೇಬ್ರ, ಅರ್ಧಾ ತಾಸು ಕುಂಡರ್ರಿ" ಅಂತ ನಾ ಟರ್ಪಂಟೈನ್ ಡಬ್ಬಿ ತೆರದೆ.

ಅಷ್ಟ್ರಾಗ ಬಂದ್ರು. ಇಪ್ಪತ್ತ ಮೂವತ್ತ ಮಂದಿ, ಮಾರಿಗೆ ಕರ್ಚೀಪ. ಮೊದಲ ಮುಂದಿನ ಗಾಜು ಒಡದ್ರು. ಖಾಜಿಸಾಹೇಬರು ಎದ್ದು ಚಿತ್ರದ ಮುಂದ ನಿಂತ್ರು. "ಇವರು ನಮ್ಮ ಹಿರ್ಯಾರಪಾ, ಬಾದಶಹಾ ಅಲ್ಲ" ಅಂದ್ರು. "ಹಂಗಾರ ತಲವಾರ ಯಾಕ?" ಅಂತ ಒಬ್ಬ ಒದರಿದ. ಇನ್ನೊಬ್ಬ ಚಿತ್ರಾನ ನೆಲಕ್ಕ ಕೆಡವಿ, "ತುಳಿ ಮುದ್ಯಾ. ತುಳದ್ರ ಬಿಡ್ತೀವಿ" ಅಂದ. ಅವರು ಚಪ್ಪಲಿ ಬಿಟ್ರು. ತುಳೀತಾರ ಅನ್ಕೊಂಡೆ. ತುಳೀರಿ ಅಂತ ಮನಸ್ಸಿನಾಗ ಕೈ ಮುಗದೆ. ತುಳೀಲಿಲ್ಲ ಅಕ್ಕಾ. ಬಗ್ಗಿ ಚಿತ್ರದ ಮ್ಯಾಲ ಬಿದ್ದ ಗಾಜಿನ ಚೂರು ಬಳೀಯಾಕ ಹತ್ತಿದ್ರು, ಬರೇ ಕೈಲೆ.

ಆಗ ಬಡದ್ರು. ಮೊದಲ ಬೆನ್ನಿಗೆ. ಆಮ್ಯಾಲ ಟ್ರ್ಯಾಕ್ಟರಿನ ಟಾಮೀಲೆ ತಲೀಗೆ, ಆ ಕಬ್ಬಿಣದ ಸಳೀಲೆ. ಆ ಸಪ್ಪಳ ಇನ್ನೂ ಕಿವ್ಯಾಗ ಐತಿ, ಉಣ್ಣಾಕ ಕುಂತ್ರೂ ಕೇಳ್ತೈತಿ. ಬಿಳೀ ಗಡ್ಡ ಎಲ್ಲಾ ಕೆಂಪಾತು. ಬಿದ್ದ ಮ್ಯಾಲೂ ಪಕ್ಕಡಿಗೆ ಒದ್ರು. ನನ್ನ ಬಣ್ಣದ ಡಬ್ಬಿ ತಗೊಂಡು ಅವರ ಮಾರಿ ಮ್ಯಾಲ ಸುರುವಿದ್ರು, ಯಾವುದು ಬಣ್ಣ ಯಾವುದು ರಕ್ತ ತಿಳೀಲಿಲ್ಲ. ಚಿತ್ರ ಹರದು, ನಾ ತೆರದಿಟ್ಟ ಟರ್ಪಂಟೈನ್ ಹಾಕಿ ರಸ್ತಾದಾಗ ಸುಟ್ರು. ಸುತ್ತಲಿನ ಅಂಗಡ್ಯಾವ್ರು ಶಟರ್ ಎಳಕೊಂಡ್ರು.

ನಾ ಏನ್ ಮಾಡಿದೆ ಅಂತ ಕೇಳಬ್ಯಾಡ. ಒಂದು ಬೋರ್ಡಿನ ಹಿಂದ ಕುಂತಿದ್ದೆ.

ಅವರನ್ನ ಮಿರಜದ ದವಾಖಾನಿಗೆ ಒಯ್ದಾರ. ಒಮ್ಮೊಮ್ಮೆ ಎಚ್ಚರ ಆಗತೈತಂತ. ಪೊಲೀಸ್ ಫೌಜದಾರ ಬಂದು ಕೇಳಿದ. ಮಾರಿ ಕಟ್ಟಿದ್ರು, ಒಬ್ಬರದೂ ಗುರ್ತ ಸಿಗಲಿಲ್ಲ ಅಂತ ಹೇಳೇನಿ. ಅದು ಖರೇ.

ಸುರಜ ಆರಾಮ ಅದಾನಲ್ಲ? ಅವನ ಎಡಗೈಗೆ ಏನರ ಗಾಜು ಬಡದೈತೇನು? ಸುಮ್ಮ ಕೇಳಿದೆ.

ಮಾಯಪ್ಪ


ಕಾಗವಾಡ
೨೭ ನವೆಂಬರ್ ೨೦೨೪

ಮಾಯಪ್ಪಾ,

ನೀ ಜೀವಂತ ಅದಿ, ಅಷ್ಟ ಸಾಕು ನಂಗ.

ಸುರಜ ಶನಿವಾರ ಇಡೀ ದಿನ ಅಥಣಿ ಕಡೆ ಕಬ್ಬಿನ ಫಡದಾಗ ಇದ್ದ. ಕೈ ಕೊಯ್ದದ್ದು ಕುಡಗೋಲಿಲೆ. ನಾನ ಅರಿಷಿಣ ತುಂಬಿ ಕಟ್ಟೇನಿ. ಮೂವತ್ತ ವರ್ಷ ಹೊಲದಾಗ ದುಡದಾಕಿ ನಾ, ಕುಡಗೋಲಿನ ಗಾಯ ಯಾವುದು ಅಂತ ನಂಗ ಗೊತ್ತೈತಿ.

ಎಡಗೈ ಅಂತ ನಿಂಗ ಯಾರ ಹೇಳಿದ್ರು? ಭರತನೇನು? ಭರತ ಅವನ್ನ ನೋಡೇ ಇಲ್ಲ.

ಆ ಮುದುಕನ ಸಲುವಾಗಿ ಮರಗ್ತಿ, ಮರಗು. ನಿನ್ನ ಅಂಗಡಿ ಹೋತಂತ ನಂಗೂ ಸಂಕಟ ಆಗೇತಿ. ಇಲ್ಲಿಗೆ ಬಾ ಅಂತ ಕರೀಬೇಕು ನಾ. ಈಗ ಬರಬ್ಯಾಡ. ಮತ್ತ ಇನ್ಮ್ಯಾಲ ಪತ್ರದಾಗ ಯಾರ ಹೆಸರೂ ಬರೀಬ್ಯಾಡ.

ಸಕ್ಕುಬಾಯಿ


ಕರೋಶಿ
೧ ಡಿಸೆಂಬರ್ ೨೦೨೪

ಅಕ್ಕಾ,

ಹೆಸರು ಬರೀಬ್ಯಾಡ ಅಂದಿ, ಬರಿಯೂದಿಲ್ಲ. ಅಂವ ಅಂತೇನಿ. ಯಾರಂತ ನಿಂಗೂ ಗೊತ್ತು ನಂಗೂ ಗೊತ್ತು.

ಭರತ ಹೇಳಲಿಲ್ಲ. ನಾ ನೋಡೇನಿ. ಕರ್ಚೀಪ ಕಟ್ಟಿದ್ರ ಕಣ್ಣ ಹೊರಗ ಇರ್ತಾವಲ್ಲ. ತೊಟ್ಟಲದಾಗ ತೂಗೂವಾಗ ನೋಡಿದ ಕಣ್ಣು. ಗಾಜು ಒಡಿಯೂವಾಗ ಎಡಗೈ ಹರೀತು, ರಕ್ತ ನೋಡಿ "ಅವ್ವಾ" ಅಂದ. ಅಷ್ಟ ಗದ್ದಲದಾಗ ಅದೊಂದು ನಂಗ ಕೇಳಿಸ್ತು. ಆಮ್ಯಾಲ ಮಾಲಕರ ಮಗ, ದನೀಲೆ ಗುರ್ತ ಹತ್ತಿದ, ಅವನ ಬಲಗೈಯಾಗ ಟಾಮಿ ಕೊಟ್ಟು, "ಹೂಂ, ನಿಂದ ಪಾಳಿ" ಅಂದ. ಅಂವ ನಿಂತ ಅಕ್ಕಾ. ಖರೇನ ಒಂದು ಗಳಿಗಿ ನಿಂತ. "ಏನಲೇ, ಬಳಿ ಇಡಸ್ಲೇನು? ನಮ್ಮ ತಾಟಿನಾಗ ಉಣ್ಣಾಕ ಅಷ್ಟ ಬರ್ತೈತೇನು?" ಅಂದ ಮಾಲಕರ ಮಗ. ಆಗ ಎತ್ತಿದ. ತಲೀಗೆ ಬಿದ್ದ ಪೆಟ್ಟು ನಮ್ಮಾವಂದ. ನನ್ನಿಂದ ನಾಕ ಮಾರು ದೂರ ಅಷ್ಟ.

ಇದನ್ನ ಯಾರಿಗೂ ಹೇಳಿಲ್ಲ. ಫೌಜದಾರ ಮೂರ ಸಲ ಕರಿಸ್ಯಾನ. ಮೂರೂ ಸಲ ನೋಡಿಲ್ಲ ಅಂದೆ. ನಿನ್ನಿ ಖಾಜಿಸಾಹೇಬರ ಮಗಳು ಜುಲೇಖಾ ಇಲ್ಲಿ ತನಕ ಬಂದಿದ್ಲು, ಅಂಗನವಾಡಿ ಟೀಚರ್ ಆಕಿ. ಬಾಳಾಸಾಬ ಕುರ್ಚಿ ಹಾಕಿದ್ರೂ ಕುಂಡ್ರಲಿಲ್ಲ. "ಮಾಯಪ್ಪಣ್ಣಾ, ನೀವು ಅಲ್ಲೇ ಇದ್ರಿ. ಒಂದ ಹೆಸರು ಹೇಳ್ರಿ, ಒಂದ" ಅಂದ್ಲು. ನಾ ಕೆಳಗ ನೋಡಿ, ಮಾರಿ ಕಟ್ಟಿದ್ರವ್ವಾ ಅಂದೆ. ಆಕಿ ಮತ್ತೊಂದ ಸಲ ಕೇಳಲಿಲ್ಲ. ಕೇಳಿದ್ರ ಛಲೋ ಇತ್ತು. ಹಂಗ ಹೊಳ್ಳಿ ಹೋದ್ಲು, ಆಕಿ ಚಪ್ಪಲೀದು ಪಟ್ಟಿ ಹರದಿತ್ತು, ಕಾಲು ಎಳಕೋತ ಹೋದ್ಲು.

ತಲವಾರ ಬರದಾವ ನಾನು. ಆ ತಲವಾರ ಇಲ್ಲದಿದ್ರ ಅವರು ಯಾರೋ ಒಬ್ಬ ಮುದುಕರ ಚಿತ್ರ ಅಷ್ಟ. 'ತಲವಾರ ಯಾಕ' ಅಂತ ಒದರಿದಾಗ 'ನಾ ಬರದೇನಿ' ಅಂತ ಒಂದ ಮಾತು ನಾ ಅನ್ನಬೇಕಿತ್ತು.

ನಾ ಹೇಳೂದಿಲ್ಲ ಅಕ್ಕಾ. ಹೆತ್ತವ್ವನ ಆಣಿ. ಆದ್ರ ಅವಂಗ ತಿಳಿಸಿ ಹೇಳು. ತಾನ ಹೋಗಿ ಒಪ್ಪಿಕೊಂಡ್ರ, ಟಾಮಿ ಕೊಟ್ಟಾವ ಯಾರಂತ ಹೇಳಿದ್ರ, ಶಿಕ್ಷಾ ಕಡಿಮಿ ಆಗತೈತಿ ಅಂತ ಬಾಳಾಸಾಬ ಅಂತಾನ. ಬಾಳಾಸಾಬಗ ಇದು ಬ್ಯಾರೆ ಯಾರದೋ ಮಾತು ಅಂತ ಹೇಳಿ ಕೇಳೇನಿ, ಅಂಜಬ್ಯಾಡ.

ಮಾಯಪ್ಪ


ಕಾಗವಾಡ
೬ ಡಿಸೆಂಬರ್ ೨೦೨೪

ಮಾಯಪ್ಪಾ,

ಇವತ್ತ ಆರನೇ ತಾರೀಖು. ಓಣ್ಯಾಗ ಬಾಬಾಸಾಹೇಬರ ಫೋಟೋ ಮುಂದ ಎಲ್ಲಾರೂ ಮೇಣಬತ್ತಿ ಹಚ್ಚಾಕತ್ತಾರ. ನಾ ಹೋಗಲಿಲ್ಲ. ಮೈಯಾಗ ಆರಾಮಿಲ್ಲ ಅಂದೆ.

ನೀ ಬರದ ಪತ್ರ ಒಲ್ಯಾಗ ಹಾಕೇನಿ. ಅದನ್ನ ಓದೂಕಿಂತ ಮೊದಲ ನಂಗ ಗೊತ್ತಿತ್ತು. ನೀಲಮ ಕಾಲೇಜಿನಿಂದ ಗೆಳತಿ ಮೊಬೈಲ್ ತಂದು ನನ್ನ ಮುಂದ ಹಿಡದ್ಲು, "ಅವ್ವಾ, ಈ ಅಂಗಿ ಯಾರದು?" ಅಂದ್ಲು. ಯಾರೋ ಎದುರಿನ ಮಾಳಿಗಿ ಮ್ಯಾಲಿಂದ ತಗದ ವಿಡಿಯೋ. ಮಾರಿ ಕಾಣೂದಿಲ್ಲ. ಅಂಗೀ ಬೆನ್ನ ಹರದಿತ್ತು, ದೀಪಾವಳಿ ಮುಂದ ನಾನ ಕರೀ ದಾರಲೆ ಹೊಲದಿದ್ದೆ. ಆ ಹೊಲಗಿ ಕಾಣತೈತಿ. ಕೈ ಎತ್ತಿದಾಗ ಬಿಗೀತೈತಿ. ಎಷ್ಟ ಸಲ ನೋಡೇನಿ ಅಂತ ಲೆಕ್ಕಿಲ್ಲ. ಎತ್ತೂತನ ನೋಡ್ತೀನಿ, ಇಳಿಸೂಕಿಂತ ಮೊದಲ ಬಂದ್ ಮಾಡ್ತೀನಿ.

ಅಂಗಿ ಸುಟ್ಟೆ. ನೀಲಮ ನೋಡಿ, "ನೀನೂ ಅವನ ಜೋಡೀನ ಅದಿ" ಅಂದ್ಲು. ಅಂವ ಎದ್ದು ಆಕೀ ತುರುಬು ಹಿಡದು ಗ್ವಾಡಿಗೆ ಬಡದ. ತುಟಿ ಒಡೀತು. ನಾ ಬಿಡಸಾಕ ಹೋದ್ರ ನನ್ನೂ ನೂಕಿದ. ಇಪ್ಪತ್ತಮೂರು ವರ್ಷದಾಗ ನನ್ನ ಮ್ಯಾಲ ಕೈ ಮಾಡಿದಾವಲ್ಲ. ಆಮ್ಯಾಲ ತಾನ ಕುಂತು ಅತ್ತ.

ಒಪ್ಪಿಕೊ ಅಂತ ಅವಂಗ ಹೇಳು ಅಂತಿ. ನೀ ಹಡದಿದ್ರ ತಿಳೀತಿತ್ತು. ನೀ ಆಣಿ ಮಾಡಿದಿ, ಅದರ ಮ್ಯಾಲ ನಿಲ್ಲು. ಮುದುಕ ಎದ್ದು ಕುಂತಾನಂತ ಇಲ್ಲೆ ಮಂದಿ ಅನ್ನಾಕತ್ತಾರ. ಎದ್ದ ಮ್ಯಾಲ ಎಲ್ಲಾ ತಣ್ಣಗ ಆಗತೈತಿ.

ಸಕ್ಕುಬಾಯಿ


ಕರೋಶಿ
೧೩ ಡಿಸೆಂಬರ್ ೨೦೨೪

ಅಕ್ಕಾ,

ಖಾಜಿಸಾಹೇಬರು ಎದ್ದು ಕುಂತಿದ್ದಿಲ್ಲ. ಯಾರೋ ಸುಳ್ಳ ಹೇಳ್ಯಾರ. ಬುಧವಾರ ಮುಂಜಾನೆ ತೀರಕೊಂಡ್ರು.

ನಿನ್ನಿ ಮಣ್ಣಿಗೆ ರಾಯಬಾಗಕ್ಕ ಹೋಗಿದ್ದೆ. ಹೋಗಬಾರದಿತ್ತೇನೋ, ಹೋಗದಿದ್ರ ಇನ್ನೂ ತಪ್ಪಾಗ್ತಿತ್ತೇನೋ. ಓಣಿ ತುಂಬ ಪೊಲೀಸರು. ನಾ ದೂರ ಒಂದು ಬೇವಿನ ಗಿಡದ ಕೆಳಗ ನಿಂತಿದ್ದೆ. ಹಿಂದೂ ಮಂದೀನೂ ಭಾಳ ಬಂದಿದ್ರು. ಹಿರೇ ಮನಶ್ಯಾ ಒಬ್ಬಾಂವ ಮುರಗೆಪ್ಪ ಅಂತ, ಅಣ್ಣತಮ್ಮರ ಹೊಲದ ಜಗಳ ಖಾಜಿಸಾಹೇಬರು ಬಗೀಹರಿಸಿದ್ರಂತ, ಸಣ್ಣ ಹುಡುಗನಂಗ ಅಳಾಕತ್ತಿದ್ದ. "ಕೈ ಕಡದು ಹಾಕಬೇಕು ಸೂಳೇಮಕ್ಕಳದು" ಅಂದ. ನಾ ಹೂಂ ಅಂದೆ. ನನ್ನ ಬಾಯಿಲೇನ ಹೂಂ ಅಂದೆ ಅಕ್ಕಾ.

ಈಗ ಇದು ಖೂನಿ ಕೇಸಾತು. ಫೌಜದಾರ ಮತ್ತ ಕರಿಸಿದ್ದ. ನಾಕನೇ ಸಲ. ಈ ಸಲ ಮಾತಿಲೆ ಕೇಳಲಿಲ್ಲ, ಕೆನ್ನಿಗೆ ಎರಡ ಬಿಟ್ಟ. "ನಿನ್ನ ಅಂಗಡ್ಯಾಗ ಖೂನಿ ಆಗತೈತಿ, ನಿಂಗ ಕಾಣೂದಿಲ್ಲೇನಲೇ?" ಅಂದ. ಕಿವಿ ಗುಂಯ್ ಅಂತೈತಿ ಇನ್ನೂ. ಕಾಣಲಿಲ್ರಿ ಅಂದೆ. ಹೇಳಿಲ್ಲ. ಆಣಿ ಮಾಡಿದ ಮ್ಯಾಲ ಮಾಡಿದೆ.

ಆದ್ರ ದಿನಾ ಇದನ್ನ ಬಾಯಾಗ ಹಿಡಕೊಂಡು ತಿರಗೂದು ಕೆಂಡ ಹಿಡಕೊಂಡಂಗ ಆಗೇತಿ. ನೀಲಮನ ತುಟಿ ಹೆಂಗೈತಿ? ಆಕೀನ ಬ್ಯಾರೆ ಕಡೆ ಇಡು ಕೆಲವು ದಿನ. ಅಂವ ಈಗ ಹೊಡ್ಯಾಕ ರೂಢಿ ಬಿದ್ದಾನ.

ಮಾಯಪ್ಪ


ಕಾಗವಾಡ
೧೭ ಡಿಸೆಂಬರ್ ೨೦೨೪

ಮಾಯಪ್ಪ,

ನಿನ್ನಿ ಪೊಲೀಸರು ಬಂದಿದ್ರು. ಓಣೀಗೆ ಓಣೀನ ನೋಡಾಕ ನಿಂತಿತ್ತು. ಬಾಗಲಾ ಒದ್ದು ಒಳಗ ಬಂದ್ರು. ಜ್ವಾಳದ ಚೀಲ ಹರದ್ರು, ಒಲಿ ಕೆದರಿದ್ರು, ಅಂಗಿ ಎಲ್ಲಿ ಐತಿ ಅಂತ ಕೇಳಿದ್ರು. ಹೆಸರು ಹಿಡದ ಬಂದಿದ್ರು. ಎಡಗೈ ಗಾಯ ಅಂತ ಅಂದ್ರು. ಅಂವ ಹಿಂದಿನ ಬಾಗಲದಿಂದ ಕಬ್ಬಿನಾಗ ಹಾರಿ ಹೋದ.

ಹೆಸರು ಯಾರ ಕೊಟ್ರು? ನೋಡಿದಾವ ನೀ ಒಬ್ಬನ. ಕೆಂಡ ಅಂದಿ ಕಡೀ ಪತ್ರದಾಗ, ಉಗಳಿದಿ. ನಮ್ಮವ್ವನ ಆಣಿ ಮಾಡಿ ಉಗಳಿದಿ. ಯಾರೋ ಮುದುಕನ ಸಲುವಾಗಿ ನಿನ್ನ ತ್ವಾಳಿನ ಮ್ಯಾಲ ಆಡಿದ ಕೂಸಿನ ಕೊರಳು ಕೊಟ್ಟಿ. ಅಂಜಬುರುಕ ಅಂತ ತಿಳದಿದ್ದೆ, ಹೊಲಸ ಅಂತ ತಿಳದಿದ್ದಿಲ್ಲ. ಇನ್ನ ನಂಗ ತಮ್ಮ ಇಲ್ಲ.

ಅಂವ ಒಂದ ಸಲ ಯಾರದೋ ಫೋನಿನಿಂದ ಬಾಜೂ ಮನಿ ಫೋನಿಗೆ ಮಾತಾಡಿದ. "ಯಾರ ಹೇಳಿದ್ರವ್ವಾ?" ಅಂತ ಕೇಳಿದ. ಹೇಳೇನಿ.

ಸಕ್ಕುಬಾಯಿ


ಚಿಕ್ಕೋಡಿ
೧೮ ಡಿಸೆಂಬರ್ ೨೦೨೪

ಅಕ್ಕಾ, ನಾ ಅಲ್ಲ. ನಾ ಹೇಳಿಲ್ಲ. ಭರತನ್ನ ಗಾಡಿ ಚಾಲೂ ಇಟ್ಟ ನಿಲ್ಲಿಸಿ ಬರ್ಯಾಕತ್ತೇನಿ. ಯಾರ ಹೇಳ್ಯಾರೋ ನಂಗೊತ್ತಿಲ್ಲ. ಅವಂಗ ಮಾಮಾ ಅಲ್ಲ ಅಂತ ಹೇಳು. ಈಗಿಂದೀಗ ಹೇಳು. ನಾ ಅಂಗಡಿ ಸ್ವಚ್ಛ ಮಾಡಾಕ ಚಿಕ್ಕೋಡಿಗೆ ಬಂದೇನಿ, ಎಲ್ಲಿಗೂ ಓಡಿ ಹೋಗಿಲ್ಲ. ಹೇಳಿದ್ರ ಓಡಿ ಹೋಗ್ತಿದ್ದೆ ಇಲ್ಲೋ? ಅಕ್ಕಾ, ಇದನ್ನ ಓದು.

ಮಾಯಪ್ಪ


ಮಿರಜ
೩ ಜನವರಿ ೨೦೨೫

ಅಕ್ಕಾ,

ಕಡೀ ಪತ್ರ ಭರತ ತಿರಗಿ ತಂದು ಕೊಟ್ಟ. ನೀ ಒಡೀಲಿಲ್ಲಂತ. "ಕೈಗೆ ತಗೋಳಲಿಲ್ಲೋ ಮಾಯಪ್ಪಾ, ಬಾಗಲಾನ ತೆರೀಲಿಲ್ಲ" ಅಂದ. ಅದಕ್ಕ ಇದನ್ನ ನೀಲಮನ ಕೈಯಾಗ ಕೊಡು ಅಂತ ಅವಂಗ ಬರದು ತೋರಿಸೇನಿ. ಆಕಿ ಓದಿ ಹೇಳ್ತಾಳ.

ಇಪ್ಪತ್ತನೇ ತಾರೀಖು ಮಧ್ಯಾಹ್ನ ನಾಕಕ್ಕ ಸುರಜ ಬಂದ. ಜೋಡಿ ಇಬ್ರು. ನಾ ಗ್ವಾಡಿ ಮ್ಯಾಲಿನ ಬಣ್ಣ ತಿಕ್ಕಾಕತ್ತಿದ್ದೆ, ಆ ರಕ್ತ ಬಣ್ಣ ಕೂಡಿ ಹತ್ತಿದ್ದು ಹೋಗಾಕ ಒಲ್ಲದು. ಅವನ್ನ ನೋಡಿ ನಂಗ ಖುಷಿ ಆತು, ಹುಚ್ಚನಂಗ. ಬಂದಾನ, ಈಗ ತಿಳಿಸಿ ಹೇಳಬಹುದು ಅನ್ಕೊಂಡೆ. "ಉಂಡೀಯೇನೋ?" ಅಂದೆ. "ಮಾಮಾ, ಯಾವ ಬಾಯಿಲೆ ಹೇಳಿದಿ, ಆ ಬಾಯಿ ತೆರಿ" ಅಂದ. ನಾ ಹೇಳಿಲ್ಲೋ ಅನ್ನಾಕ ಬಾಯಿ ತೆರದೆ. ತೆರದಾಗ ಬಡದ. ಅದ ಟಾಮಿ. ಹಲ್ಲು ನೆಲದ ಮ್ಯಾಲ ಬಿದ್ದದ್ದು ಕೇಳಿಸ್ತು. ಇನ್ನಿಬ್ರು ಹಿಡದಿದ್ರು. ಅಂವ ಮತ್ತ ಬಡದ. ಮತ್ತ. ಈ ಸಲ ಯಾರೂ 'ನಿಂದ ಪಾಳಿ' ಅನ್ನಲಿಲ್ಲ. ಒಂದು ಗಳಿಗೀನೂ ನಿಲ್ಲಲಿಲ್ಲ.

ದವಡಿ ಎರಡ ಕಡೆ ಮುರದೈತಿ. ತಂತಿ ಹಾಕಿ ಹಲ್ಲಿಗೆ ಹಲ್ಲು ಕಟ್ಟ್ಯಾರ. ಮಾತಾಡಾಕ ಬರೂದಿಲ್ಲ. ನಳಗೀಲೆ ಗಂಜಿ ಕುಡೀತೀನಿ.

ಮೂರ ದಿನದ ಮ್ಯಾಲ ಫೌಜದಾರ ಬಂದ. ವಹಿ ಪೆನ್ನು ಕೊಟ್ಟು, "ಬಡದಾವ ಯಾರು, ಬರಿ" ಅಂದ. 'ಏಣಿ ಮ್ಯಾಲಿಂದ ಬಿದ್ದೆ' ಅಂತ ಬರದೆ. ಅಂವ ಓದಿ ನಕ್ಕ. ಬಾಜೂಕ ಕುಂತು ಹೇಳಿದ: "ಹುಚ್ಚಪ್ಪಾ, ನಿನ್ನ ಅಳಿಯನ ಹೆಸರು ಕೊಟ್ಟಾಂವ ಭೀಮಗೊಂಡ. ವಕೀಲನ್ನ ಕರ್ಕೊಂಡು ತಾನ ಬಂದು ಕೊಟ್ಟ. ಟ್ರ್ಯಾಕ್ಟರ್ ನಮ್ದು, ಟಾಮಿ ನಮ್ದು, ಬಡದಾಂವ ನಮ್ಮ ಆಳು, ನನ್ನ ಮಗ ಅವತ್ತ ಊರಾಗ ಇದ್ದಿಲ್ಲ ಅಂತ ಬರಸಿ ಹೋಗ್ಯಾನ. ಎಡಗೈ ಗಾಯಾನೂ ಅವನ ಹೇಳ್ಯಾನ. ಕಣ್ಣಿಲೆ ನೋಡಿದಾವ್ರು ಬಾಯಿ ಬಿಡದಿದ್ರ ವಿಶಾಲ ಹೊರಗ, ನಿಮ್ಮ ಹುಡುಗ ಒಬ್ಬ ಒಳಗ."

ಆಳು ಅಂತ ಬರಸ್ಯಾನ ಅಕ್ಕಾ. ಬಲಗೈ ಅಂತ ಅಲ್ಲ.

ಆಗೂ ನಾ ಬರೀಲಿಲ್ಲ. ತಲಿ ಅಲ್ಲಾಡಿಸಿದೆ. ಅಂವ ಎದ್ದು ಹೋದ.

ಮರದಿನ ಜುಲೇಖಾ ಬಂದ್ಲು. ಮನ್ಯಾಗ ಮಾಡಿದ ಅಕ್ಕಿ ಗಂಜಿ, ಬಟ್ಟೀಲೆ ಸೋಸಿ ತಂದಿದ್ಲು. ಆಕೀಗೆ ಯಾರ ಬಡದ್ರು ಅಂತ ಗೊತ್ತಿದ್ದಿಲ್ಲ. ತಮ್ಮ ಅಪ್ಪನ ಸಲುವಾಗಿ ನಂಗ ಯಾರೋ ಬಡದಾರ ಅಂತ ತಿಳದಿದ್ಲು. ನಳಗಿ ನನ್ನ ತುಟಿಗೆ ಇಟ್ಟು ಹಿಡದ್ಲು, ಸುರದ್ರ ಸೆರಗಿಲೆ ಒರಸಿದ್ಲು. ಆಮ್ಯಾಲ ಅಂದ್ಲು: "ಅಬ್ಬಾ ಇದ ದವಾಖಾನ್ಯಾಗ ಎರಡ ಸಲ ಮಾತಾಡಿದ್ರು. ಪೊಲೀಸರು 'ತಲವಾರ ಯಾರು ಬರದ್ರು, ನೀವ ಬರಸಿದ್ರೇನು' ಅಂತ ಕೇಳಿದ್ರು. 'ಹೂಂ, ನಾನ ಬರಸೇನಿ' ಅಂದ್ರು. ನಂಗ ತಿಳೀಲಿಲ್ಲ ಮಾಯಪ್ಪಣ್ಣಾ. ನಮ್ಮ ಹಿರ್ಯಾರ ಚಿತ್ರಕ್ಕ ಅಬ್ಬಾ ತಲವಾರ ಯಾಕ ಬರಸಿದ್ರು? ಹಠ ಮಾಡಿದ್ರೇನು? ಮಂದಿ ಅದನ್ನ ಹಿಡಕೊಂಡು ತಪ್ಪು ಅವರದೂ ಐತಿ ಅನ್ನಾಕತ್ತಾರ."

ನನ್ನ ಉಳಸಾಕ ಸುಳ್ಳ ಹೇಳ್ಯಾರ. ಜಲ್ಮೆಲ್ಲಾ ಮಂದೀ ಕಡಿಂದ ಖರೇ ಹೇಳಿಸಿದಾವ್ರು, ಸಾಯೂವಾಗ ನನ್ನ ಸಲುವಾಗಿ ಒಂದು ಸುಳ್ಳ ಹೇಳಿ ಹೋಗ್ಯಾರ. ಅಂಗಡ್ಯಾಗ ಬಡಿಯೂವಾಗಲೂ 'ಈ ಪೇಂಟರ್ ಬರದಾನ' ಅಂತ ಬಟ್ಟ ಮಾಡಿ ತೋರಿಸಿದ್ರ ಅವರು ಉಳೀತಿದ್ರು. ನಾ ಬೋರ್ಡಿನ ಹಿಂದ ಕುಂತದ್ದು ಅವರಿಗೆ ಕಾಣತಿತ್ತು. ಒಂದ ಸಲ ನನ್ನ ಕಡೆ ನೋಡಿ ಮಾರಿ ಹೊಳ್ಳಿಸಿಕೊಂಡ್ರು. ಇದನ್ನ ನಿಂಗ ಆಗ ಬರೀಲಿಲ್ಲ. ನನಗೂ ನಾ ಹೇಳಿಕೊಂಡಿದ್ದಿಲ್ಲ.

ಜುಲೇಖಾಗ ಕೈ ಮಾಡಿ ಕಾಗದ ಕೇಳಿದೆ. ಆಕಿ ಮುಂದ ಕುಂತು ಬರದೆ. ನಾಕ ಪಾನಾ ಆತು. ನನ್ನ ಜಲ್ಮದಾಗ ಅಷ್ಟ ದೊಡ್ಡದು ಬರದಿಲ್ಲ. ಮೊದಲ, ತಲವಾರ ನಾ ಬರದದ್ದು, ಖಾಜಿಸಾಹೇಬರು ಬರಸಿದ್ದಲ್ಲ, ಅವರು ಅಳಸು ಅಂದಿದ್ರು ಅಂತ ಬರದೆ. ಆಮ್ಯಾಲ ಫೋಟೋ. ಆಮ್ಯಾಲ ಟಾಮಿ ಕೈಯಾಗ ಕೊಟ್ಟಾವ ವಿಶಾಲ ಭೀಮಗೊಂಡ, ಅಂವ ಏನ್ ಅಂದ ಅನ್ನೂದು ಒಂದೂ ಅಕ್ಷರ ಬಿಡದ. ಆಮ್ಯಾಲ ಬಡದಾವ ಸುರಜ, ನನ್ನ ಅಕ್ಕ ಸಕ್ಕುಬಾಯಿ ಮಗ, ವಯಸ್ಸು ಇಪ್ಪತ್ತಮೂರು. ಆ ಸಾಲು ಬರಿಯೂವಾಗ ಜುಲೇಖಾ ಓದಾಕತ್ತಿದ್ಲು. ನನ್ನ ಮಾರಿ ನೋಡಿದ್ಲು. ಎದ್ದು ಕಿಡಕಿ ಹಂತೇಕ ಹೋಗಿ ನನಗ ಬೆನ್ನು ಮಾಡಿ ನಿಂತ್ಲು. ಗಂಜಿ ಡಬ್ಬಿ ಅಲ್ಲೇ ಬಿಟ್ಟು ಹೋದ್ಲು. ಮತ್ತ ಬಂದಿಲ್ಲ.

ಫೌಜದಾರ ನಿನ್ನಿ ಬಂದು ಸಹಿ ಮಾಡಿಸಿಕೊಂಡ. ಕೋರ್ಟಿನ್ಯಾಗೂ ಹಿಂಗ ಬರಕೊಟ್ಟು ಹೇಳ್ತೀನಿ. ಸುರಜ ಕುಡಚಿ ಸ್ಟೇಶನ್ನಿನಾಗ ಸಿಕ್ಕಾನಂತ. ವಿಶಾಲನ್ನೂ ಮನ್ಯಾಗಿಂದ ಎಬ್ಬಿಸಿ ಒಯ್ದಾರ. ನೀ ಅವಂಗ ರೊಟ್ಟಿ ಕಟಗೊಂಡು ಹೋಗು, ಬ್ಯಾಡ ಅನ್ನೂದಿಲ್ಲ. ನೀ ಹಡದಾಕಿ.

ನಂಗ ಅಂಜಿಕಿ ಹೋಗಿಲ್ಲ. ಆದ್ರ ನೀಲಮ, ಇದನ್ನ ನೀ ಗಟ್ಟಿಯಾಗಿ ಓದಿ ನಿಮ್ಮವ್ವಗ ಕೇಳಸು.

ಅಕ್ಕಾ, ಹದಿನೇಳನೇ ತಾರೀಖಿಗೆ ನೀ ಬೈದದ್ದು ನಾ ಮಾಡದ ಕೆಲಸಕ್ಕ. ಈಗ ಮಾಡೇನಿ. ಈಗ ಬೈ.

ಮಾಯಪ್ಪ